ಕೊನೆಯ ಪುಟದ ಎಂಟು ಸಾಲು

ಬೈಲಹೊಂಗಲದಿಂದ ನೇಸರಗಿಗೆ ಹೋಗುವ ದಾರಿಯಲ್ಲಿರುವ ಒಂದು ಹತ್ತಿ ಮಿಲ್ಲಿನಲ್ಲಿ ನಾನು ಗುಮಾಸ್ತ. ಹಾಜರಿ ಬರೆಯುವುದರ ಜೊತೆಗೆ, ತಿಂಗಳಿಗೊಮ್ಮೆ ಕೆಲಸಗಾರರಿಗಾಗಿ ನಾಲ್ಕು ಪುಟದ ಸುದ್ದಿಪತ್ರ ಹೊರಡಿಸುವುದೂ ನನ್ನ ಪಾಲಿಗೆ ಬಂದಿದೆ. ಹೊರಗಿನವರು ಅದನ್ನು ಓದುವುದಿಲ್ಲ. ಒಳಗಿನವರಲ್ಲೂ ಬಹಳ ಜನಕ್ಕೆ ಓದು ಬರುವುದಿಲ್ಲ. ಹಾಗಾಗಿ ಅಚ್ಚಾಗಿ ಬಂದ ದಿನ ಚಹಾದ ವೇಳೆಗೆ ಎಲ್ಲರೂ ಅಂಗಳದಲ್ಲಿ ಕೂಡುತ್ತಾರೆ. ನಾನು ನಿಂತು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದುತ್ತೇನೆ. ಯಾರಿಗೆ ಮೊಮ್ಮಗ ಹುಟ್ಟಿದ, ಯಾರು ನಿವೃತ್ತರಾದರು, ಇಂಥವು. ಇದರಿಂದ ಯಾರಿಗಾದರೂ ಉಪಯೋಗವಿದೆಯೆಂದು ನಾನು ನಂಬಿರಲಿಲ್ಲ.

ಕಳೆದ ಹಂಗಾಮಿನಲ್ಲಿ, ಪುಟಗಳೆಲ್ಲ ತುಂಬಿದ ಮೇಲೆ, ಹಿರಿಯ ಕೆಲಸಗಾರ್ತಿಯೊಬ್ಬಳು ಕಚೇರಿಯ ಬಾಗಿಲಿಗೆ ಬಂದಳು. ಮನೋಳಿ ಅವಳ ತವರು, ನೇಸರಗಿಯಲ್ಲಿ ಮನೆ.

"ನಂದೊಂದು ಸುದ್ದಿ ಐತ್ರಿ. ಬರಕೋರಿ."

"ಈ ಸಲ ಜಾಗಾ ಇಲ್ಲಕ್ಕಾ. ಬರೋ ತಿಂಗಳ ಹಾಕತೇನಿ."

"ಬರೋ ತಿಂಗಳ ಮಟಾ ಮಷೀನ ಬಂದ್ ಇಡತೀರೇನು? ಮಾಲಕರ ಫೋಟೋ ಇಷ್ಟ ದೊಡ್ಡದ ಹಾಕೀರಿ. ಸಣ್ಣದ ಮಾಡ್ರಿ, ಅವರೇನ ಸೊರಗೂದಿಲ್ಲ."

ನಗು ಬಂತು. ಬರೆದುಕೊಂಡೆ.

ಮಿಲ್ಲಿನೊಳಗೆ ಹತ್ತಿಯ ನವಿರೆಳೆಗಳು ಸದಾ ಹಾರಾಡುವುದರಿಂದ ನಾವು ಮೂಗು, ಬಾಯಿಗೆ ಬಟ್ಟೆ ಸುತ್ತಿ ಕತ್ತಿನ ಹಿಂದೆ ಗಂಟು ಹಾಕುತ್ತೇವೆ. ಒಂದು ದಿನ ಅವಳ ಬಟ್ಟೆಯ ತುದಿ ಯಂತ್ರದ ತಿರುಗುವ ದಂಡಕ್ಕೆ ಸಿಕ್ಕಿತಂತೆ. ಗೆಳತಿಯರಿಬ್ಬರು ಉಳಿಸಲೆಂದು ಅವಳ ಸೊಂಟ ಹಿಡಿದು ಹಿಂದಕ್ಕೆ ಎಳೆದರು. ಎಳೆದಷ್ಟೂ ಗಂಟು ಬಿಗಿಯಿತು. ಅಷ್ಟರಲ್ಲಿ ಕರೆಂಟು ಹೋಗಿದ್ದರಿಂದ ಅವಳು ಬದುಕಿದಳು. ಗೆಳತಿಯರು ಬೈಸಿಕೊಂಡಾರೆಂದು ಅವಳು ಯಾರಿಗೂ ಹೇಳಿರಲಿಲ್ಲ.

"ಯಾರ ಹೆಸರೂ ಹಾಕಬ್ಯಾಡ್ರಿ. ಎಳೀಬ್ಯಾಡ್ರಿ, ಮೊದಲ ಮಷೀನ ನಿಲ್ಲಸೂ ಕೆಂಪು ಗುಂಡಿ ಒತ್ತರಿ ಅಂತ ಬರೀರಿ, ಸಾಕು."

ಫೋಟೋ ಸಣ್ಣದಾಯಿತು. ಕೊನೆಯ ಪುಟದಲ್ಲಿ ಎಂಟು ಸಾಲು ಬಂದವು. ನಾನು ಓದಿ ಮುಗಿಸಿದಾಗ, ಕಿತ್ತೂರಿನಿಂದ ಬರುವ ಫಿಟ್ಟರ್ ಕೇಳಿದ: "ಹಂಗಾರ ಎಳೀಲಾರದ ನೋಡಕೋತ ನಿಂದರಬೇಕೇನ್ರಿ?"

"ನೋಡಬ್ಯಾಡೋ ಮಾರಾಯಾ, ಗುಂಡಿ ಒತ್ತು!" ಎಂದು ಅವಳೇ ಹಿಂದಿನಿಂದ ಕೂಗಿದಳು. ಎಲ್ಲರೂ ನಕ್ಕರು. ನಗುತ್ತಲೇ ಒಳಗೆ ಹೋಗಿ ನೋಡಿದರೆ, ಗುಂಡಿಯ ಮುಂದೆ ಹತ್ತಿಯ ಚೀಲಗಳನ್ನು ಪೇರಿಸಿಡಲಾಗಿತ್ತು. ಅವತ್ತೇ ಅವನ್ನು ಸರಿಸಿದರು.

ಹನ್ನೊಂದು ದಿನ ಕಳೆಯಿತು. ಒಂದು ಸಹಿಗಾಗಿ ನಾನು ಮುಖಕ್ಕೆ ಟವೆಲ್ ಸುತ್ತಿಕೊಂಡು ಒಳಗೆ ಹೋದೆ. ಯಂತ್ರದ ಪಕ್ಕ ಪೆನ್ನು ಬಿತ್ತು, ಎತ್ತಿಕೊಳ್ಳಲು ಬಗ್ಗಿದೆ. ಮೊದಲು ತಿಳಿದದ್ದು ನೋವಲ್ಲ. ಯಾರೋ ಕರೆದಂತೆ ಕತ್ತಿನ ಬಳಿ ಒಂದು ಸಣ್ಣ ಜಗ್ಗು. ಆಮೇಲೆ ಉಸಿರು ನಿಂತಿತು. ದಂಡ ನನ್ನ ಮುಖದಿಂದ ಒಂದು ಗೇಣು ದೂರದಲ್ಲಿ ತಿರುಗುತ್ತಿತ್ತು. ಎರಡು ಹೆಜ್ಜೆಯಾಚೆ ಆ ಫಿಟ್ಟರ್ ಇದ್ದ. ಅವನ ಎರಡೂ ಕೈ ನನ್ನ ಕಡೆಗೆ ಬಂದವು, ಅರ್ಧಕ್ಕೆ ನಿಂತವು. ನಂತರ ಅವನು ನನಗೆ ಬೆನ್ನು ತಿರುಗಿಸಿ ಓಡಿದ. ನನ್ನನ್ನು ಬಿಟ್ಟು ಹೋದ ಎಂದುಕೊಂಡೆ. ಇದನ್ನು ಮರೆಮಾಚಿ ಬರೆಯಲಾರೆ.

ದಂಡ ನಿಂತಿತು. ಚೀಲ ಹೊಲಿಯುವ ದಾರದ ಕತ್ತರಿ ಹಿಡಿದು ಅವಳು ಬಂದಳು. ಟವೆಲ್ ಕತ್ತರಿಸಿ ನನ್ನನ್ನು ನೆಲದ ಮೇಲೆ ಕೂರಿಸಿದಳು. "ಉಸಿರ ತಗೋರಿ ಅಣ್ಣಾ. ಮಾತಾಡಬ್ಯಾಡ್ರಿ."

ವಾರದ ಮೇಲೆ ಫಿಟ್ಟರ್‌ನನ್ನು ಕೇಳಿದೆ. "ಎಳಿಯಾಕ ಕೈ ಹಾಕಿದ್ದೆ ರೀ," ಎಂದ. "ನೀವು ಓದಿದ್ದು ನೆನಪಾತು. ನಿಮ್ಮ ದನೀನ ಕೇಳಿಸಿದಂಗಾತು ನೋಡ್ರಿ."

ಆ ದನಿಯಲ್ಲಿ ನನ್ನದೇನೂ ಇರಲಿಲ್ಲ. ಮಾತು ಅವಳದು, ಓಟ ಅವನದು. ಅವಳು ಅಂದು ಬಾಗಿಲಲ್ಲಿ ಹಟ ಹಿಡಿಯದಿದ್ದರೆ ಆ ಎಂಟು ಸಾಲಿನ ಜಾಗದಲ್ಲಿ ಫೋಟೋದ ಅಂಚು ಇರುತ್ತಿತ್ತು.

ಮುಂದಿನ ಸಂಚಿಕೆಗೆ ನಡೆದದ್ದನ್ನೆಲ್ಲ ನಾನೇ ಬರೆದೆ, ಅವನು ನನ್ನನ್ನು ಬಿಟ್ಟು ಹೋದನೆಂದು ತಿಳಿದದ್ದನ್ನೂ ಸೇರಿಸಿ. ಓದುವಾಗ ಆ ಸಾಲಿಗೆ ಬಂದು ಹಾಳೆ ಕೆಳಗಿಳಿಸಿದೆ. ಫಿಟ್ಟರ್ ಎದ್ದು ಬಂದು ನನ್ನ ಕೈಯಿಂದ ಹಾಳೆ ತೆಗೆದುಕೊಂಡ. ಅಕ್ಷರಕ್ಕೆ ಅಕ್ಷರ ಕೂಡಿಸಿ, ತಡವರಿಸಿ ಓದತೊಡಗಿದ. ನಾನು ಉಳಿದವರ ಜೊತೆ ನೆಲದ ಮೇಲೆ ಕುಳಿತೆ.

"ಗಟ್ಟಿ ಓದೋ," ಎಂದಳು ಅವಳು. "ಹಿಂದಿನವರಿಗೆ ಕೇಳವಲ್ದು."