ಎಪ್ಪತ್ನಾಲ್ಕು ಪಾಯಿಂಟ್ ಐವತ್ತೆಂಟು

ಹೋದ ತಿಂಗಳು ನಮ್ಮ ಆಫೀಸಿನಲ್ಲಿ ಕಲಘಟಗಿ ಕಳೆದುಹೋಯಿತು.

ಗಾಬರಿಯಾಗಬೇಡಿ. ಊರು ಇದ್ದಲ್ಲೇ ಇದೆ. ಹುಬ್ಬಳ್ಳಿಯಿಂದ ಕಾರವಾರ ರಸ್ತೆ ಹಿಡಿದರೆ ಈಗಲೂ ಸಿಗುತ್ತದೆ. ಕಳೆದದ್ದು ಕಂಪ್ಯೂಟರಿನ ನಕಾಶೆಯಲ್ಲಿ.

ಅಂಕಣ ಬರೆಯುವುದು ನನ್ನ ಚಟ, ಹೊಟ್ಟೆಪಾಡು ಬೇರೆ. (ಅಂಕಣದಿಂದ ಹೊಟ್ಟೆ ತುಂಬುವಂತಿದ್ದರೆ ನಾನು ಇಷ್ಟು ತೆಳ್ಳಗೆ ಇರುತ್ತಿರಲಿಲ್ಲ.) ಹುಬ್ಬಳ್ಳಿಯ ಒಂದು ಸಣ್ಣ ಆಫೀಸಿನಲ್ಲಿ ಕಾಗದದ ಹಳೆಯ ನಕಾಶೆಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ನಮ್ಮದು. ಊರಿನ ಅಕ್ಷಾಂಶ, ರೇಖಾಂಶ ಟೈಪ್ ಮಾಡಿದರೆ ಸ್ಕ್ರೀನಿನ ಮೇಲೆ ಆ ಜಾಗದಲ್ಲಿ ಕೆಂಪು ಚುಕ್ಕೆ ಮೂಡುತ್ತದೆ. ಪಕ್ಕದ ಟೇಬಲ್ಲಿನ ಪಾಟೀಲರು ಅವತ್ತು ಕಲಘಟಗಿ ಟೈಪ್ ಮಾಡಿದರು. ಚುಕ್ಕೆ ಎಲ್ಲಿ ಮೂಡಿತು? ದಾಂಡೇಲಿಯ ಆಚೆ, ದಟ್ಟ ಕಾಡಿನ ನಡುವೆ.

"ಪಾಟೀಲರ, ಕಲಘಟಗಿ ಕಾಡಿಗೆ ಹೋಗೇತಲ್ರಿ," ಅಂದೆ.

"ನನ್ನ ತಪ್ಪಲ್ರಿ. ನಕಾಶಿದಾಗ ಏನೈತಿ, ಅದನ್ನ ಹೊಡದೇನಿ. ಎಪ್ಪತ್ನಾಲ್ಕು ಪಾಯಿಂಟ್ ಐವತ್ತೆಂಟು. ಬೇಕಾದ್ರ ನೋಡ್ರಿ."

ನೋಡಿದೆ. ನಕಾಶೆಯಲ್ಲಿ ಇದ್ದದ್ದು ಎಪ್ಪತ್ನಾಲ್ಕು ಡಿಗ್ರಿ, ಐವತ್ತೆಂಟು ಮಿನಿಟು. ಪಾಟೀಲರು ಹೊಡೆದದ್ದು 74.58. ಎರಡೂ ಒಂದೇ ಅಲ್ಲವೇ ಎಂದು ನಿಮಗೂ ಅನಿಸಿರಬೇಕು. ಅಲ್ಲ. ಒಂದು ಡಿಗ್ರಿಗೆ ಅರವತ್ತು ಮಿನಿಟು. ಅರವತ್ತರಲ್ಲಿ ಐವತ್ತೆಂಟು ಎಂದರೆ ಹೆಚ್ಚುಕಡಿಮೆ ಎಪ್ಪತ್ತೈದೇ ಆಯಿತು. ಆದರೆ ಕಂಪ್ಯೂಟರಿಗೆ ಪಾಯಿಂಟ್ ಎಂದರೆ ದಶಮಾಂಶ, ಅದರದು ನೂರರ ಲೆಕ್ಕ. ನೂರರಲ್ಲಿ ಐವತ್ತೆಂಟು ಎಂದರೆ ಅರ್ಧಕ್ಕಿಂತ ಒಂದಿಷ್ಟು ಮೇಲೆ, ಅಷ್ಟೇ. ಐವತ್ತೆಂಟನ್ನು ಅರವತ್ತರಿಂದ ಭಾಗಿಸಿ, ಬಂದದ್ದನ್ನು ಎಪ್ಪತ್ನಾಲ್ಕಕ್ಕೆ ಕೂಡಿಸಿ, ಆಮೇಲೆ ಕಂಪ್ಯೂಟರಿಗೆ ಕೊಡಬೇಕು. ಸಾಫ್ಟ್‌ವೇರಿನಲ್ಲಿ ಇದು ಒಂದು ಸಾಲಿನ ಕೆಲಸ. ಆ ಒಂದು ಸಾಲು ಬಿಟ್ಟರೆ ಊರು ಕಾಡು ಸೇರುತ್ತದೆ.

ಪಾಟೀಲರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ನಾವೆಲ್ಲರೂ ಹಾಗೇ ಬರೆಯುವವರಲ್ಲವೇ? ಲಗ್ನಪತ್ರಿಕೆಯಲ್ಲಿ 7.30 ಎಂದು ಹಾಕಿಸುತ್ತೇವೆ, ಏಳೂವರೆಗೆ ಅಕ್ಷತೆ ಎಂದು ಓದುತ್ತೇವೆ. (ಎಂಟಕ್ಕೆ ಹೋಗುತ್ತೇವೆ, ಆ ಮಾತು ಬೇರೆ.) ಕ್ರಿಕೆಟ್ಟಿನಲ್ಲಿ 4.3 ಓವರ್ ಎಂದರೆ ನಾಲ್ಕು ಓವರ್, ಮೂರು ಬಾಲ್ ಎಂದು ಸಾಲಿಯ ಮೆಟ್ಟಿಲು ಹತ್ತದವನಿಗೂ ಗೊತ್ತು. ನಮ್ಮ ಚುಕ್ಕೆ ಹೊಲದ ಬದುವಿನ ಹಾಗೆ. ಈಚೆಗೆ ಒಂದು ಲೆಕ್ಕ, ಆಚೆಗೆ ಇನ್ನೊಂದು ಲೆಕ್ಕ. ಇದನ್ನು ಕಂಪ್ಯೂಟರಿಗೆ ಹೇಳಿದವರು ಯಾರು?

ಆಫೀಸಿನಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುನಗುತ್ತಲೇ ಸ್ಕ್ರೀನಿನ ಕಡೆ ಮತ್ತೊಮ್ಮೆ ನೋಡಿದೆ. 74.58. ಈ ಅಂಕಿಯನ್ನು ನಾನು ಮೊದಲೇ ನೋಡಿದ್ದೇನೆ. ನೋಡಿದ್ದು ನಕಾಶೆಯಲ್ಲಲ್ಲ, ನನ್ನ ಅಕ್ಕನ ಜಾತಕದಲ್ಲಿ.

ಅಕ್ಕ ಹುಟ್ಟಿದ್ದು ಕಲಘಟಗಿಯಲ್ಲಿ. ಹೆಣ್ಣುಮಕ್ಕಳ ಜಾತಕ ಮದುವೆ ಹೊತ್ತಿಗೆ ಬರೆಸಿದರಾಯಿತು ಎಂದು ಆಗ ಯಾರೂ ಬರೆಸಿರಲಿಲ್ಲ. ಮದುವೆ ಹೊತ್ತು ಬಂದಾಗ ನಾವು ಧಾರವಾಡಕ್ಕೆ ಬಂದಿದ್ದೆವು, ತೊಂಬತ್ತರ ದಶಕವೂ ಅರ್ಧಕ್ಕೆ ಬಂದಿತ್ತು, ಊರಿಗೆ ಕಂಪ್ಯೂಟರೂ ಬಂದಿತ್ತು. ಆ ಕಾಲದ ಬೋರ್ಡುಗಳು ನೆನಪಿವೆಯೇ? ಎಸ್‌ಟಿಡಿ, ಝೆರಾಕ್ಸ್, ಲ್ಯಾಮಿನೇಷನ್, ಕಂಪ್ಯೂಟರ್ ಜಾತಕ, ಎಲ್ಲವೂ ಒಂದೇ ಅಂಗಡಿಯಲ್ಲಿ. ಗಂಡಿನ ಮನೆಯವರು ಕಲಿತವರು. ಕೈಬರಹದ ಜಾತಕ ಬೇಡ, ಕಂಪ್ಯೂಟರಿನದೇ ಬೇಕು ಎಂದರು. ಅಪ್ಪನಿಗೂ ಅದೇ ಬೇಕಿತ್ತು.

"ಕಂಪ್ಯೂಟರ್ ಸುಳ್ಳ ಹೇಳೂದಿಲ್ಲೋ ತಮ್ಮಾ. ಅದಕ್ಕೇನು ದಕ್ಷಿಣಿ ಆಸೆ ಇರತೈತೇನು?" ಎಂದು ನನ್ನನ್ನೂ ಕರೆದುಕೊಂಡು ಹೊರಟರು.

ಅಂಗಡಿಯವನು ಪಂಚಾಂಗದ ಹಿಂದಿನ ಪುಟದಿಂದ ಕಲಘಟಗಿಯ ರೇಖಾಂಶ ನೋಡಿ 74.58 ಎಂದು ಟೈಪ್ ಮಾಡಿದ. ಹುಟ್ಟಿದ ಹೊತ್ತು ಕೇಳಿದ. ಅವ್ವ ಹೇಳಿ ಕಳಿಸಿದ್ದಳು: ದೀಪಾವಳಿ ಹತ್ತಿರವಿತ್ತು, ನಸುಕು ಹರಿಯುತ್ತಿತ್ತು, ಹುಬ್ಬಳ್ಳಿಗೆ ಹೋಗುವ ಮೊದಲ ಬಸ್ಸು ಹಾರ್ನ್ ಹೊಡೆದಾಗ ಕೂಸು ಅತ್ತಿತು. ಆ ಬಸ್ಸಿನ ಟೈಮ್ ಅಪ್ಪನಿಗೆ ಬಾಯಿಪಾಠ. ಅದನ್ನೇ ಹೇಳಿದರು. ಪ್ರಿಂಟರ್ ಕಿರ್‍ರ್ ಕಿರ್‍ರ್ ಎಂದು ಹಾಳೆ ಉಗುಳಿತು. ಕನ್ಯಾ ಲಗ್ನ. ಹನ್ನೆರಡನೆಯ ಮನೆಯಲ್ಲಿ ಮಂಗಳ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಕಡೆ "ಹುಡುಗಿಗೆ ಮಂಗಳ ಐತಿ" ಎಂದರೆ ಮುಗಿಯಿತು. ಅಂಥವಳನ್ನು ಕಟ್ಟಿಕೊಂಡ ಗಂಡನ ಜೀವಕ್ಕೆ ಕುತ್ತು ಎಂದು ನಂಬಿಕೆ. ಗಂಡಿನ ಮನೆಯವರು ಮರುದಿನವೇ ಬೇಡ ಎಂದು ಹೇಳಿ ಕಳಿಸಿದರು. ಅಪ್ಪ ಆ ಹಾಳೆಯನ್ನು ಹರಿದು ಒಗೆಯಬೇಕಿತ್ತು. ಅದರ ಬದಲು ಹಾಳಾಗಬಾರದೆಂದು ಲ್ಯಾಮಿನೇಷನ್ ಮಾಡಿಸಿದರು! ಮುಂದೆ ಬಂದ ಪ್ರತಿಯೊಬ್ಬರಿಗೂ ಅದನ್ನೇ ತೋರಿಸಿದರು. ಪ್ರಾಮಾಣಿಕ ಮನುಷ್ಯ. ಪ್ರಾಮಾಣಿಕರ ಮಕ್ಕಳ ಪಾಡು ಕೇಳಬೇಡಿ.

ಆ ಗಂಡು ತಪ್ಪಿದ್ದಕ್ಕೆ ನನಗೆ ದುಃಖವಿಲ್ಲ. ನನಗೆ ಇವತ್ತಿಗೂ ಕೊರೆಯುವುದು ಆಮೇಲಿನದು.

ಅಕ್ಕ ಸಾಲಿಯಲ್ಲಿ ಟೀಚರ್ ಆದಳು. ಅದೇ ಸಾಲಿಯಲ್ಲಿ ವಸಂತ ಮಾಸ್ತರು ಎಂದು ಡ್ರಿಲ್ ಮಾಸ್ತರಿದ್ದರು. ಗಟ್ಟಿ ಆಳು. ಅವರು ಸೀಟಿ ಊದಿದರೆ ರಸ್ತೆಯಲ್ಲಿ ಹೋಗುವ ಟಾಂಗಾ ನಿಲ್ಲುತ್ತಿತ್ತು. ಮಳೆಯಲ್ಲಿ ನೆನೆದರೂ ಅವರಿಗೆ ನೆಗಡಿಯಾದದ್ದನ್ನು ಕಂಡವರಿಲ್ಲ. ಅಂಥವರು ಒಂದು ಸಂಜೆ ನನ್ನನ್ನು ಹುಡುಕಿಕೊಂಡು ಬಂದು, ಚಹಾದ ಕಪ್ಪು ಹಿಡಿದುಕೊಂಡು ಕನ್ಯಾ ನೋಡಲು ಬಂದವರ ಹಾಗೆ ತಲೆ ತಗ್ಗಿಸಿ ಕುಳಿತರು.

"ನನಗ ಈ ಜಾತಕದಾಗ ಎಲ್ಲಾ ನಂಬಿಕಿ ಇಲ್ರಿ. ನಿಮ್ಮ ಅಕ್ಕಾರಿಗೆ ಒಂದ ಮಾತ ಹೇಳ್ರಿ. ಅವರು ಹ್ಞೂಂ ಅಂದ್ರ ನಾಳೆನ ಹಿರೇರನ್ನ ಕರಕೊಂಡ ಬರ್ತೇನಿ."

ನಾನು ಕುಣಿಯುತ್ತ ಹೋಗಿ ಅಕ್ಕನಿಗೆ ಹೇಳಿದೆ. ಅವಳ ಮುಖ ಅರಳಿತು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅರಳಿದ್ದು ಹಾಗೆಯೇ ಮುಚ್ಚಿಕೊಂಡಿತು.

"ಅವರಿಗೆ ನಂಬಿಕಿ ಇಲ್ಲ, ಖರೇ. ನನಗ ಐತಲ್ಲ? ನಾಳೆ ಅವರಿಗೆ ಏನರ ಆತಂದ್ರ ನಾ ಯಾರ ಮುಂದ ಹೇಳ್ಕೊಳ್ಲಿ? ಬ್ಯಾಡ ತಮ್ಮಾ. ಅವರು ಆರಾಮ ಇರ್ಲಿ."

ವಾದ ಮಾಡಿದೆ. ಜಗಳಾಡಿದೆ. ಮಂಗಳ ಗ್ರಹಕ್ಕೆ ಕಲಘಟಗಿಯ ಹುಡುಗಿಯರನ್ನು ಕಾಯುವುದೇ ಕೆಲಸವೇನು ಎಂದು ಕೂಗಿದೆ. ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಅಕ್ಕ ಮಂಗಳವಾರದ ಉಪವಾಸ ಶುರು ಮಾಡಿದಳು. ಮಾಸ್ತರು ಒಂದು ವರ್ಷ ಕಾದರು. ಆಮೇಲೆ ಟ್ರಾನ್ಸ್‌ಫರ್ ತೆಗೆದುಕೊಂಡು ಹೋದರು, ಮದುವೆಯಾದರು, ಮಕ್ಕಳಾದವು. ಅಕ್ಕನಿಗೆ ಯಾವುದೂ ಆಗಲಿಲ್ಲ. ಅವಳು ಮತ್ತೆ ಆ ಮಾತು ಎತ್ತಲೂ ಬಿಡಲಿಲ್ಲ.

ಈಗ ಆಫೀಸಿಗೆ ಬನ್ನಿ. ಎಲ್ಲರೂ ಊಟಕ್ಕೆ ಎದ್ದ ಮೇಲೆ ನಾನು ಇಂಟರ್‌ನೆಟ್ಟಿನಿಂದ ಒಂದು ಜಾತಕದ ಸಾಫ್ಟ್‌ವೇರ್ ಇಳಿಸಿಕೊಂಡೆ. ಅದರಲ್ಲಿ ಡಿಗ್ರಿಗೆ ಒಂದು ಖಾನೆ, ಮಿನಿಟಿಗೆ ಇನ್ನೊಂದು ಖಾನೆ. (ಯಾರೋ ಬುದ್ಧಿವಂತರು ಕೊನೆಗೂ ಬದು ಹಾಕಿದ್ದರು.) ಅಕ್ಕನ ಜನ್ಮದಿನ, ಅಪ್ಪ ಹೇಳಿದ ಅದೇ ಹೊತ್ತು, ಎಪ್ಪತ್ನಾಲ್ಕು ಡಿಗ್ರಿ, ಐವತ್ತೆಂಟು ಮಿನಿಟು. ಒತ್ತಿದೆ. ತುಲಾ ಲಗ್ನ! ಲಗ್ನ ಒಂದು ಮನೆ ಸರಿದರೆ ಎಣಿಕೆಯೂ ಸರಿಯುತ್ತದೆ. ಹನ್ನೆರಡರಲ್ಲಿದ್ದ ಮಂಗಳ ಹನ್ನೊಂದಕ್ಕೆ ಬಂದು ಕುಳಿತಿದ್ದ. ಹನ್ನೊಂದರಲ್ಲಿದ್ದರೆ ದೋಷವಿಲ್ಲ.

ಈ ಸಲ 74.58 ಅನ್ನು ಕಂಪ್ಯೂಟರ್ ಓದುವ ಹಾಗೆಯೇ ಓದಿದೆ. ಪಾಯಿಂಟ್ ಐವತ್ತೆಂಟನ್ನು ಅರವತ್ತರಿಂದ ಗುಣಿಸಿದರೆ ಮೂವತ್ತೈದು ಮಿನಿಟಿಗೆ ಒಂದಿಷ್ಟು ಕಡಿಮೆ. ಅದನ್ನು ಹಾಕಿದೆ. ಕನ್ಯಾ ಲಗ್ನ. ಹನ್ನೆರಡರಲ್ಲಿ ಮಂಗಳ. ಲ್ಯಾಮಿನೇಷನ್ ಮಾಡಿಸಿದ್ದ ಅದೇ ಜಾತಕ, ಅದೇ ಮನೆಗಳು, ಅದೇ ಗ್ರಹಗಳು. ಪಾಟೀಲರು ಮಾಡಿದ ತಪ್ಪನ್ನೇ ಆ ಅಂಗಡಿಯ ಸಾಫ್ಟ್‌ವೇರ್ ಹತ್ತು ವರ್ಷಕ್ಕೂ ಹಿಂದೆಯೇ ಮಾಡಿತ್ತು. ನೂರು ಜನರಲ್ಲಿ ತೊಂಬತ್ತೊಂಬತ್ತು ಜನರಿಗೆ ಇದರಿಂದ ಕೂದಲೂ ಕೊಂಕುವುದಿಲ್ಲ. ಲೆಕ್ಕದಲ್ಲಿ ಬರುವ ಫರಕು ಗಡಿಯಾರದ ಒಂದೂವರೆ ನಿಮಿಷ, ಅಷ್ಟೇ. ನನ್ನ ಅಕ್ಕ ಎರಡು ಲಗ್ನಗಳ ಸಂದಿಯಲ್ಲೇ ಹುಟ್ಟಬೇಕೇ?

ಯಾರನ್ನು ಬೈಯಲಿ? ಆ ಅಂಗಡಿ ಮುಚ್ಚಿದೆ, ಅಲ್ಲೀಗ ಮೊಬೈಲ್ ಮಾರುತ್ತಾರೆ. ಸಾಫ್ಟ್‌ವೇರ್ ಬರೆದವನು ಯಾವ ಊರಿನವನೋ. ಅಪ್ಪ ತೀರಿಕೊಂಡಿದ್ದಾರೆ. ಮತ್ತೆ, ಅಷ್ಟು ಸೂಕ್ಷ್ಮ ಲೆಕ್ಕ ಹಾಕಿದ್ದಾದರೂ ಎಂಥ ಹೊತ್ತಿನ ಮೇಲೆ? ಬಸ್ಸಿನ ಹಾರ್ನಿನ ಮೇಲೆ! ಅವತ್ತು ಡ್ರೈವರ್ ಇನ್ನೊಂದು ಗುಟುಕು ಚಹಾ ಕುಡಿದು ಬಸ್ಸು ಹತ್ತಿರಬಹುದು. ಬೇಗ ಬಂದಿರಲೂಬಹುದು. ನನ್ನ ಅಕ್ಕನ ಬಾಳು ನಿಂತದ್ದು ಅಂಥ ಲೆಕ್ಕದ ಮೇಲೆ. ಹಾಳೆಯ ಮೇಲೆ ಪ್ರಿಂಟಾಗಿ ಬಂದರೆ ನಾವು ಎಂಥದನ್ನೂ ನಂಬುತ್ತೇವೆ, ಪ್ರಶ್ನೆ ಕೇಳುವುದಿಲ್ಲ.

ಆ ಭಾನುವಾರವೇ ಧಾರವಾಡಕ್ಕೆ ಹೋದೆ. ಯಾಕೆ ಹೋದೆ? ಅಕ್ಕನಿಗೆ ನ್ಯಾಯ ಕೊಡಿಸಲು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ನಿಜ ಹೇಳಬೇಕೆಂದರೆ ಅದರಲ್ಲಿ ಅರ್ಧ, ತಪ್ಪು ಹುಡುಕಿದವನ ಜಂಬ. ಅಕ್ಕ ಮೊರ ಮುಂದಿಟ್ಟುಕೊಂಡು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ಎದುರಿಗೆ ಕುಳಿತು ಕಲಘಟಗಿ ಕಾಡಿಗೆ ಹೋದ ಕಥೆ ಹೇಳಿದೆ. ನಕ್ಕಳು. ಕ್ರಿಕೆಟ್ಟಿನ ಓವರ್ ಲೆಕ್ಕ ಹೇಳಿದೆ. ಸಾಲಿ ಟೀಚರಲ್ಲವೇ, ಲಗೂ ತಿಳಿಯಿತು.

"ಅಂದ್ರ ಐವತ್ತೆಂಟನ್ನ ಅರವತ್ತರಾಗ ತಿಳಕೋಬೇಕಿತ್ತು, ನೂರರಾಗ ತಿಳಕೊಂಡೈತಿ. ನಮ್ಮ ಐದನೇತ್ತೆ ಹುಡುಗೂರೂ ಹಿಂಗ ಮಾಡತಾವ."

ಆಮೇಲೆ ಅವಳ ಜಾತಕದ ಮಾತು ತೆಗೆದೆ. ಪ್ರಿಂಟ್ ತೆಗೆದುಕೊಂಡು ಹೋಗಿದ್ದ ಎರಡು ಹಾಳೆಗಳನ್ನು ಮೊರದ ಪಕ್ಕ ಇಟ್ಟೆ. ಒಂದರಲ್ಲಿ ಕನ್ಯಾ, ಇನ್ನೊಂದರಲ್ಲಿ ತುಲಾ. ಅಕ್ಕ ಕೈ ಒರೆಸಿಕೊಂಡಳು. ಮೊದಲು ಒಂದು ಹಾಳೆ ನೋಡಿದಳು, ಆಮೇಲೆ ಇನ್ನೊಂದು. ಬೆರಳಿಟ್ಟು ಮನೆಗಳನ್ನು ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

ಅಂದು ನಾನು ಗಂಟಲು ಹರಿಯುವ ಹಾಗೆ ಕೂಗಿದರೂ ನಂಬದ ಅಕ್ಕ, ಈಗ ಕಂಪ್ಯೂಟರಿನ ಮಾತನ್ನು ಒಂದೂ ಪ್ರಶ್ನೆ ಕೇಳದೆ ನಂಬಿದ್ದಳು. ನನಗೆ ಆಗಲೇ ಗೊತ್ತಾಗಬೇಕಿತ್ತು. ಎರಡೂ ಸುಳ್ಳು ಎಂದು ನಗಿಸಿ, ಹಾಳೆಗಳನ್ನು ಮಡಚಿ ಕಿಸೆಗೆ ಹಾಕಿಕೊಂಡು ಎದ್ದು ಬರಬೇಕಿತ್ತು. ಬರಲಿಲ್ಲ. ಅದಕ್ಕಾಗಿ ಈಗ ಪಶ್ಚಾತ್ತಾಪ ಪಡುತ್ತಿದ್ದೇನೆ.

"ಹಂಗಾರ ನಾನು ಹ್ಞೂಂ ಅಂದಿದ್ರೂ ಮಾಸ್ತರಿಗೆ ಏನೂ ಆಗ್ತಿದ್ದಿಲ್ಲೇನು?" ಅಕ್ಕ ಕೇಳಿದಳು. ದನಿ ತೀರಾ ಸಣ್ಣಗಿತ್ತು.

"ಏನ ಆಗ್ತಿತ್ತಕ್ಕಾ? ಏನೂ ಆಗ್ತಿದ್ದಿಲ್ಲ."

ಅವಳು ಮೊರದಲ್ಲಿದ್ದ ಸೊಪ್ಪನ್ನು ಸುಮ್ಮನೆ ಆಚೀಚೆ ಸರಿಸಿದಳು. ಆಮೇಲೆ ನನ್ನ ಮುಖ ನೋಡದೆ ಅಂದಳು:

"ಇಷ್ಟ ವರ್ಷ ನಾ ಅವರನ್ನ ಉಳಿಸೇನಿ ಅಂತ ತಿಳಕೊಂಡಿದ್ದೆನಲ್ಲೋ, ತಮ್ಮಾ."