ಶಾಯಿ ಡಬ್ಬಿ ಹೂಳಿದವರು

ನನ್ನ ಮನೆಯವರ ಬಗ್ಗೆ ಪಕ್ಷದವರು ಪುಸ್ತಕ ತರುತ್ತಾರಂತೆ. ಬೀದರಿನಲ್ಲಿ ಪಕ್ಷದ ಕೆಲಸ ನೋಡುವ ನಾಗಸೇನ ಚಿದ್ರಿಯ ನಮ್ಮ ಮನೆಗೆ ಬಂದಿದ್ದ.

"ಕಾಕೂ, ನೀವೂ ಎರಡು ಪುಟ ಬರೀರಿ. ಚೊಲೋ ಚೊಲೋದು ಬರೀರಿ ಮತ್ತ," ಎಂದ.

ನಾನು ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು. ಉಳಿದ ಅಕ್ಷರ ಇವರೇ ಕಲಿಸಿದ್ದು. ಚೊಲೋದನ್ನು ಬೇರೆಯವರು ಬರೆಯಲಿ. ನಾನು ಆದದ್ದು ಬರೆಯುತ್ತೇನೆ.

ಗೋರಖನಾಥ ಔರಾದ ತಾಲೂಕಿನ ಚಿಂತಾಕಿಯವರು. ಅವರ ಅಪ್ಪ ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದರು. ಇದ್ದ ಹೊಲ ಹೋಯಿತು. ಆ ಸಿಟ್ಟು ಇವರ ಹೊಟ್ಟೆಯಲ್ಲಿ ಹಾಗೇ ಇತ್ತು. ಓದಿದರು, ಭಾಲ್ಕಿಯ ಬ್ಯಾಂಕಿನಲ್ಲಿ ಕ್ಲಾರ್ಕ್ ಆದರು. ನನ್ನ ಮದುವೆ ಆದದ್ದು ಆಗ. ಮುಂದೆ ಔರಾದ ಶಾಖೆಗೆ ಮ್ಯಾನೇಜರ್ ಆಗಿ ಹೋದರು. ಹೋದ ದಿನವೇ ಹೇಳಿದರು, ಈ ಬ್ಯಾಂಕಿನಲ್ಲಿ ಹೆಂಗಸರ ಹೆಬ್ಬೆಟ್ಟು ತಗೊಳ್ಳುವುದಿಲ್ಲ, ಸಹಿ ಕಲಿಯಲಿ ಎಂದು.

ಐತವಾರ ಬಂದರೆ ಪಾಟಿ ಬಳಪ ಹಿಡಿದು ಹಳ್ಳಿಗೆ ಹೋಗುತ್ತಿದ್ದರು. ನಾನೂ ಜೊತೆಗೆ ಹೋಗುತ್ತಿದ್ದೆ. ಚಿಂತಾಕಿಯಲ್ಲಿ ಗುಂಡಮ್ಮ ಇದ್ದಳು. ಕುರಿ ಸಾಕುವವಳು, ಇವರಿಗೆ ಸಣ್ಣಂದಿನಿಂದ ಗೊತ್ತು.

"ಗೋರಖಣ್ಣಾ, ಓಡೋ ಕುರಿ ಹಿಡೀತೇನಿ. ಈ ಬಳಪ ಕೈಯಾಗ ನಿಂದ್ರವಲ್ದು ನೋಡು."

"ಕುರಿಗೆ ಬೈದಂಗ ಬಳಪಕ್ಕೂ ಬೈ. ನಿಂದರ್ತದ."

ಹೆಂಗಸರೆಲ್ಲ ನಕ್ಕರು. ಎರಡು ವರ್ಷದಲ್ಲಿ ಔರಾದಿನ ಹಳ್ಳಿಹಳ್ಳಿಯ ಹೆಂಗಸರು ಸಹಿ ಕಲಿತರು. ಕಡೆಯ ದಿನ ಚಿಂತಾಕಿಯ ಬುದ್ಧ ವಿಹಾರದ ಮುಂದಿನ ಬೇವಿನ ಗಿಡದ ಕೆಳಗೆ ಇವರೇ ಕುಣಿ ತೋಡಿದರು. ಹೆಬ್ಬೆಟ್ಟಿಗೆ ಹಚ್ಚುವ ಬ್ಯಾಂಕಿನ ಶಾಯಿ ಡಬ್ಬಿ ಅದರಲ್ಲಿ ಹೂಳಿದರು. "ಹೆಬ್ಬೆಟ್ಟು ಇವತ್ತಿಗೆ ಸತ್ತಿತು," ಎಂದರು. ಪೇಪರಿನಲ್ಲಿ ಫೋಟೊ ಬಂತು.

ಆ ಫೋಟೊ ಹಿಡಿದು ಪಕ್ಷದವರು ಬಂದರು. ಇವರು ನೌಕರಿ ಬಿಟ್ಟರು. ಔರಾದಿನಲ್ಲಿ ಚುನಾವಣೆಗೆ ನಿಂತು ಸೋತರು, ಆದರೂ ಪಕ್ಷ ದಿಲ್ಲಿಗೆ ಕರೆದೊಯ್ದಿತು. ನಾನು ಇಲ್ಲೇ ಉಳಿದೆ. ದೇಶಕ್ಕೆಲ್ಲ ಪ್ರಧಾನ ಕಾರ್ಯದರ್ಶಿ ಆದರು. ಎಲ್ಲಿ ಹೋದರೂ ಶಾಯಿ ಡಬ್ಬಿಯ ಮಾತು. ಯಾವ್ಯಾವುದೋ ರಾಜ್ಯದಲ್ಲಿ ಇವರನ್ನು ಕರೆಸಿ ಡಬ್ಬಿ ಹೂಳಿಸುತ್ತಿದ್ದರು.

ತಪ್ಪು ಆಗಿದ್ದು ಆ ಡಬ್ಬಿ ಹೂಳಿದ್ದರಲ್ಲೇ. ಐವತ್ತು ವರ್ಷಕ್ಕೆ ಕಲಿತ ಸಹಿ ಎರಡು ಸಲ ಒಂದೇ ಥರ ಬರುವುದಿಲ್ಲ. ಇವರು ಮ್ಯಾನೇಜರ್ ಇದ್ದಾಗ ಮುಖ ನೋಡಿ ರೊಕ್ಕ ಕೊಡುತ್ತಿದ್ದರು. ಮುಂದೆ ಬಂದವರು ಹಳೆಯ ಸಹಿ ಪಕ್ಕಕ್ಕಿಟ್ಟು ನೋಡಿದರು. ಹೊಂದಲಿಲ್ಲ. ಗುಂಡಮ್ಮ ಕಣ್ಣಿನ ಆಪರೇಷನ್ನಿಗೆ ಇಟ್ಟ ರೊಕ್ಕ ತೆಗೆಯಲು ಹೋಗಿ ಮೂರು ಸಲ ತಿರುಗಿ ಬಂದಳು. ಹೆಬ್ಬೆಟ್ಟು ಒತ್ತಿದರೆ ಕೊಡುತ್ತೇವೆ ಎಂದರು. ಇವಳು ಒತ್ತಲಿಲ್ಲ.

"ಊರೆಲ್ಲಾ ನೋಡೂಹಂಗ ಡಬ್ಬಿ ಹೂಳ್ಯಾನ ನಮ್ಮಣ್ಣ. ನಾ ಒತ್ತಿದ್ರ ಅವನ ಇಜ್ಜತ್ ಏನಾಗಬೇಕ್ರಿ ವೈನಿ? ಅವನೇ ಬಂದು ಒತ್ತು ಅನ್ಲಿ," ಎಂದಳು.

ನಾನು ದಿಲ್ಲಿಗೆ ಫೋನ್ ಹಚ್ಚಿದೆ.

"ಒಂದೇ ದಿನ ಬರ್ರಿ. ಬ್ಯಾಂಕಿನಾಗ ನಿಂತು ಗುಂಡಮ್ಮಗ ಒತ್ತು ಅನ್ರಿ. ಅಷ್ಟೇ."

"ಶಾಲು, ನಾ ಹಂಗಂದ್ರ ಇಲ್ಲಿ ನಂದು ಏನು ಉಳೀತದ?" ಎಂದರು.

"ಆಕೀ ಕಣ್ಣು ಉಳೀತದ."

"ಚುನಾವಣೆ ಮುಗೀಲಿ. ಬರ್ತೇನಿ."

ಅವರಿಗೆ ತಪ್ಪು ಗೊತ್ತಿತ್ತು. ಗೊತ್ತಿಲ್ಲದಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ಆ ಚುನಾವಣೆ ಮುಗಿಯಿತು, ಇನ್ನೊಂದೂ ಮುಗಿಯಿತು. ಪ್ರತಿ ಸಲ ಅದೇ ಮಾತು. ಗುಂಡಮ್ಮನ ಎಡಗಣ್ಣು ಹೋಯಿತು.

ಹೋದ ಮಾರ್ಚಿನಲ್ಲಿ ದಿಲ್ಲಿಯ ಪಕ್ಷದ ಕೋಣೆಯಲ್ಲಿ ಇವರು ಬೆಳಗ್ಗೆ ಏಳಲೇ ಇಲ್ಲ. ಹೈದರಾಬಾದಿನ ತನಕ ವಿಮಾನದಲ್ಲಿ ತಂದರು, ಅಲ್ಲಿಂದ ಗಾಡಿಯಲ್ಲಿ ಚಿಂತಾಕಿಗೆ. ಅಂತೂ ಬಂದರು. ಮುಖದ ಹತ್ತಿರ ಲೀಡರುಗಳೇ ನಿಂತಿದ್ದರು. ನನಗೆ ಕಾಲು ಸಿಕ್ಕವು. ಹದಿನಾಲ್ಕು ಮಂದಿ ಭಾಷಣ ಮಾಡಿದರು, ಹದಿನಾಲ್ಕೂ ಮಂದಿ ಶಾಯಿ ಡಬ್ಬಿಯ ಮಾತೇ ಆಡಿದರು. ಗುಂಡಮ್ಮ ಒಂದು ಕಣ್ಣಿನಲ್ಲಿ ಅಳುತ್ತ ಬೇವಿನ ಗಿಡಕ್ಕೆ ಒರಗಿ ಕೂತಿದ್ದಳು.

ಎರಡು ತಿಂಗಳಾದ ಮೇಲೆ ನಮ್ಮಿಬ್ಬರ ಹೆಸರಿನಲ್ಲಿದ್ದ ಖಾತೆ ಮುಚ್ಚಿಸಲು ಔರಾದ ಬ್ಯಾಂಕಿಗೆ ಹೋದೆ. ಗುಂಡಮ್ಮ ಜೊತೆಗೆ ಬಂದಳು. ಅಲ್ಲಿ ಅಂಬರೀನ ಎಂಬ ಹುಡುಗಿ ಆಫೀಸರು. ಅರ್ಜಿಗೆ ಸಹಿ ಮಾಡಿದೆ. ಅವಳು ನೋಡಿದಳು, ಮತ್ತೆ ನೋಡಿದಳು.

"ಅಮ್ಮಾ, ಹೊಂದವಲ್ದ್ರಿ. ಇನ್ನೊಮ್ಮೆ ಮಾಡ್ರಿ."

ಮಾಡಿದೆ. ಹೊಂದಲಿಲ್ಲ. ಮೂರನೆಯ ಸಲವೂ ಹೊಂದಲಿಲ್ಲ. ನಾನು ಯಾರ ಹೆಂಡತಿ ಎಂದು ಅವಳಿಗೆ ಗೊತ್ತಿತ್ತು. ತಲೆ ತಗ್ಗಿಸಿ ಮೇಜಿನ ಖಾನೆಯಿಂದ ಶಾಯಿ ಡಬ್ಬಿ ತೆಗೆದಿಟ್ಟಳು. ನಾನು ಒತ್ತಿದೆ. ಆಮೇಲೆ ಗುಂಡಮ್ಮನ ಕೈ ಹಿಡಿದು ಎಳೆದೆ.

"ನೀನೂ ಒತ್ತು. ನಾ ಹೇಳ್ತೇನಿ, ಒತ್ತು."

"ಅಣ್ಣ ಬೈತಾನ್ರಿ ವೈನಿ."

"ಬೈಲಿಕ್ಕೆ ಯಾರದಾರ?"

ಅವಳೂ ಒತ್ತಿದಳು. ಅಂಬರೀನ ಅವಳ ರೊಕ್ಕದ ಕಾಗದವನ್ನೂ ಮಾಡಿಕೊಟ್ಟಳು. ಹೊರಗೆ ಮೆಟ್ಟಿಲ ಮೇಲೆ ಕೂತು ಗುಂಡಮ್ಮ ಸೆರಗಿಗೆ ಹೆಬ್ಬೆಟ್ಟು ತಿಕ್ಕಿದಳು, ತಿಕ್ಕಿದಳು.

"ಎರಡು ಮಿನಿಟಿನ ಕೆಲಸ ಇತ್ತಲ್ರಿ ವೈನಿ," ಎಂದಳು.

ಹೌದು, ಎಂದೆ.