ತಳ ಕಾಣಬಾರದ ಪಾತ್ರೆ

ನಮ್ಮಕ್ಕನ ಮಗಳಿಗೆ ಪುಟ್ಟಿ ಎಂದು ಹೆಸರಿಟ್ಟವನು ನಾನೇ. ಆಗ ಅವಳು ನನ್ನ ಮೊಣಕೈ ಉದ್ದಕ್ಕೂ ಇರಲಿಲ್ಲ. ಈಗ ಹದಿನಾರು ತುಂಬಿದೆ, ನನಗಿಂತ ಒಂದು ಗೇಣು ಎತ್ತರ, ಬಾಗಿಲಿಗೆ ಅಡ್ಡ ನಿಂತರೆ ಒಳಗೆ ಬೆಳಕು ಬರುವುದಿಲ್ಲ. ಆದರೂ ಪುಟ್ಟಿಯೇ. ಕೊಟ್ಟ ಹೆಸರನ್ನು ವಾಪಸ್ ಪಡೆಯುವ ಅಭ್ಯಾಸ ನನಗಿಲ್ಲ.

ನಾನು ಬೀಗ ರಿಪೇರಿಯವನು. ಕಟ್ಟಡದ ಕೆಳಗೆ, ಮೆಟ್ಟಿಲ ಪಕ್ಕದ ಸಂದಿಯಲ್ಲಿ ನನ್ನ ಅಂಗಡಿ. ನಾಲ್ಕನೇ ಮಹಡಿಯಲ್ಲಿ ಅಕ್ಕನ ಮನೆ. ಮದುವೆ ಗಿದುವೆ ಎಂಬ ರಗಳೆ ಹಚ್ಚಿಕೊಳ್ಳದ ನನಗೆ ಊಟ ಅಲ್ಲೇ. ಭಾವ ಸಾಮಾನು ಸಾಗಿಸುವ ವ್ಯಾನ್ ಓಡಿಸುತ್ತಾರೆ, ಮಾತು ಕಡಿಮೆ. ಅಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಾಳೆ. ಇಡೀ ದಿನ ನಿಂತುಕೊಂಡೇ ಒದ್ದೆ ಹಾಸಿಗೆ ಬಟ್ಟೆಗಳನ್ನು ಇಸ್ತ್ರಿ ಮಾಡುವ ಬಿಸಿ ರೋಲರಿಗೆ ಕೊಡುತ್ತಿರಬೇಕು. ಸಂಜೆ ಮನೆಗೆ ಬಂದರೂ ಕೂರುವವಳಲ್ಲ. ಅಡುಗೆಮನೆಯ ಮೇಜಿಗೆ ಮೂರೇ ಸ್ಟೂಲು. ನಾವು ಮೂವರು ಕೂರುತ್ತೇವೆ, ಅಕ್ಕ ಒಲೆಯ ಪಕ್ಕ ಸೌಟು ಹಿಡಿದು ನಿಂತಿರುತ್ತಾಳೆ.

ಅವಳ ಅಡುಗೆ ಅಂದರೆ ದೊಡ್ಡ ಪಾತ್ರೆಯ ಕಂಠಮಟ್ಟ ಅನ್ನ, ಎಣ್ಣೆ ತೇಲುವ ಬೇಳೆ, ಕರಿದ ಆಲೂಗಡ್ಡೆ. ಸಾಕು ಎಂದರೆ ಅವಳಿಗೆ ಕೇಳಿಸುವುದಿಲ್ಲ. ತಟ್ಟೆಗೆ ಕೈ ಅಡ್ಡ ಇಟ್ಟರೆ ಕೈಯ ಮೇಲೇ ಬಡಿಸುವವಳು.

ಹೀಗಿರುವಾಗ ಪುಟ್ಟಿಗೆ ಓಟದ ಹುಚ್ಚು ಹಿಡಿಯಿತು. ಶಾಲೆಯ ಆಟದ ಟೀಚರ್ ಅವಳ ಕಾಲು ನೋಡಿ, ಒಳ್ಳೇ ಓಟಗಾರ್ತಿ ಆಗ್ತೀಯ, ಆದರೆ ಹೊಟ್ಟೆಯಲ್ಲಿ ಕಲ್ಲು ಇಟ್ಟುಕೊಂಡು ಬರಬೇಡ ಎಂದರಂತೆ. ಹಸಿದುಕೊಂಡು ಓಡುವುದೂ ಬೇಡ, ಎಣ್ಣೆ ಅನ್ನ ಕಡಿಮೆ ಮಾಡಿ ತರಕಾರಿ ಜಾಸ್ತಿ ತಿನ್ನು ಅಂತಲೂ ಹೇಳಿದರಂತೆ. ಇವಳು ಮನೆಗೆ ಬಂದು ಅದನ್ನೇ ಒಪ್ಪಿಸಿದಳು.

"ಒಬ್ಬೊಬ್ಬರಿಗೆ ಒಂದೊಂದು ಅಡುಗೆ ಮಾಡೋಕೆ ಇದೇನು ಹೋಟ್ಲಾ?" ಎಂದಳು ಅಕ್ಕ. "ಇರೋ ಸಂಬಳದಲ್ಲಿ ಒಂದು ಒಲೆ ಉರಿಯೋದೇ ಹೆಚ್ಚು. ಮಾಡಿದ್ದನ್ನ ತಿನ್ನು."

ಪುಟ್ಟಿ ಜಗಳಕ್ಕೆ ಹೋಗಲಿಲ್ಲ. ಮಾಡಿದ್ದನ್ನೇ ತಿಂದಳು, ಆದರೆ ಅರ್ಧ. ಎರಡನೇ ಸಲ ಬಡಿಸುವ ಮೊದಲೇ ತಟ್ಟೆ ಎತ್ತಿಕೊಂಡು ಬಾಗಿಲ ಹತ್ತಿರ ಹೋಗಿ ನಿಂತುಬಿಡುತ್ತಿದ್ದಳು. ಏನೇ, ಗಾಳಿ ಕುಡಿದು ಬದುಕ್ತೀಯಾ ಎಂದು ನಾನು ರೇಗಿಸಿದರೆ ಕಿವಿ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ. ಸ್ವಲ್ಪ ದಿನಕ್ಕೆ ಅವಳು ನಾಲ್ಕು ಮಹಡಿಯನ್ನು ಒಂದೇ ಉಸಿರಿಗೆ ಹತ್ತತೊಡಗಿದಳು. ನನಗೆ ಒಳಗೊಳಗೇ ಹೆಮ್ಮೆ. ಬಾಯಿಬಿಟ್ಟು ಹೇಳಿದರೆ ತಲೆ ಮೇಲೆ ಕೂರುತ್ತಾಳೆ ಎಂದು ಸುಮ್ಮನಿದ್ದೆ.

ಆದರೆ ಅಂಗಡಿಯಲ್ಲಿ ಕೂತ ನನಗೆ ಆ ಮೆಟ್ಟಿಲಲ್ಲಿ ಇನ್ನೊಂದೂ ಕಾಣುತ್ತಿತ್ತು. ಮಗಳು ಹಗುರಾದಂತೆ ತಾಯಿ ಭಾರವಾಗುತ್ತಿದ್ದಳು. ಅಕ್ಕ ಮೊದಲು ಮೂರನೇ ಮಹಡಿಯಲ್ಲಿ ನಿಂತು ಸುಧಾರಿಸಿಕೊಳ್ಳುತ್ತಿದ್ದವಳು ಎರಡನೆಯದರಲ್ಲಿ, ಆಮೇಲೆ ಮೊದಲನೆಯದರಲ್ಲೇ ನಿಲ್ಲತೊಡಗಿದಳು. ಒಂದು ಸಂಜೆ ಹತ್ತಲೇ ಇಲ್ಲ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಆಸ್ಪತ್ರೆಯ ಡಾಕ್ಟರು ಅವಳ ರಕ್ತ ಪರೀಕ್ಷೆ ಮಾಡಿಸಿ, ಸಕ್ಕರೆ ಏರಿದೆ, ಊಟ ಇಳಿಸಿ, ಇಲ್ಲದಿದ್ದರೆ ರೋಲರಿನ ಮುಂದೆ ನಿಲ್ಲಲು ಬಿಡುವುದಿಲ್ಲ ಎಂದಿದ್ದರಂತೆ. ಅಲ್ಲಿ ಕೂತು ಮಾಡುವ ಕೆಲಸ ಯಾವುದೂ ಇಲ್ಲ. ನಿಲ್ಲಲಾಗದವರು ಮನೆಗೆ.

ಪುಟ್ಟಿಗೆ ಗಾಬರಿಯಾಯಿತು. ಅಮ್ಮ ತಿನ್ನುವುದನ್ನೇ ತಾನು ನೋಡಿಲ್ಲವಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಅವತ್ತು ನಾವೆಲ್ಲ ಎದ್ದ ಮೇಲೆ ಬಾಗಿಲ ಮರೆಯಲ್ಲಿ ನಿಂತು ನೋಡಿದಳು. ಅಕ್ಕ ಬಾಗಿಲಿಗೆ ಬೆನ್ನು ಹಾಕಿ, ನಿಂತುಕೊಂಡೇ, ಪಾತ್ರೆಯಲ್ಲಿ ಉಳಿದದ್ದನ್ನೆಲ್ಲ ತಿಂದು ಮುಗಿಸುತ್ತಿದ್ದಳು. ನಮ್ಮ ಮನೆಯ ಫ್ರಿಜ್ಜು ಕೆಟ್ಟು ಬಟ್ಟೆ ಇಡುವ ಬೀರು ಆಗಿ ಬಹಳ ಕಾಲವಾಗಿದೆ. ಸೆಕೆಗೆ ಅನ್ನ ಬೆಳಗಿನ ತನಕ ಉಳಿಯುವುದಿಲ್ಲ. ಚೆಲ್ಲುವ ಮಾತು ಅಕ್ಕನ ಹತ್ತಿರ ಆಡುವ ಹಾಗಿಲ್ಲ. ಪುಟ್ಟಿ ಬೇಡ ಎಂದ ಅರ್ಧವೆಲ್ಲ ಅವಳ ಹೊಟ್ಟೆಗೆ ಹೋಗುತ್ತಿತ್ತು. ತೂಕ ಮನೆ ಬಿಟ್ಟು ಹೊರಗೆ ಹೋಗಿರಲೇ ಇಲ್ಲ, ಮಗಳಿಂದ ತಾಯಿಗೆ ವರ್ಗವಾಗಿತ್ತು ಅಷ್ಟೆ.

ಮರುದಿನದಿಂದ ಹುಡುಗಿ ಓಟ ಬಿಟ್ಟಳು. ಬೂಟು ಮಂಚದಡಿ ಸೇರಿತು. "ಹಾಕಮ್ಮ, ಇನ್ನೂ ಹಾಕು" ಎಂದು ಕೇಳಿ ಕೇಳಿ ಬಡಿಸಿಕೊಂಡಳು. ವಿಷಯ ತಿಳಿದು ನಾನೂ ಭಾವನೂ ಸೊಂಟ ಕಟ್ಟಿ ನಿಂತೆವು. ಪಾತ್ರೆಯಲ್ಲಿ ಅಗುಳೂ ಉಳಿಸಬಾರದು! ನಾನಂತೂ ಬೆಲ್ಟು ಸಡಿಲಿಸಿಕೊಂಡು ತಿಂದೆ. ಮಾರನೇ ದಿನ ತೂಕಡಿಸುತ್ತಾ ಯಾರದೋ ಬೀರುವಿನ ಕೀಲಿಯನ್ನು ತಲೆಕೆಳಗಾಗಿ ಕೊರೆದು ಬೈಸಿಕೊಂಡೆ. ನಮ್ಮ ಮೂವರ ಈ ಸಾಹಸ ನೋಡಿ ಅಕ್ಕ ಏನು ಮಾಡಿದಳು? "ಪಾಪ, ಸಾಲ್ತಾ ಇಲ್ಲ ನಿಮಗೆ" ಎಂದು ಅಕ್ಕಿಯನ್ನು ಇನ್ನಷ್ಟು ಜಾಸ್ತಿ ಹಾಕಿದಳು.

ಪುಟ್ಟಿ ಮುಖ ಊದಿಸಿಕೊಂಡು ನನ್ನ ಅಂಗಡಿಗೆ ಬಂದಳು.

"ಮಾವ, ಅಮ್ಮಂಗೆ ತಲೆ ಕೆಟ್ಟಿದೆಯಾ? ನಾಲ್ಕು ಜನಕ್ಕೆ ಯಾಕೆ ಇಷ್ಟು ಬೇಯಿಸ್ತಾಳೆ?"

ಕೀಲಿ ಉಜ್ಜುವ ಅರ ಕೆಳಗಿಟ್ಟು ಹೇಳಿದೆ. "ನಾವು ಚಿಕ್ಕವರಿದ್ದಾಗ ಅಡುಗೆ ನಿಮ್ಮಮ್ಮನದೇ ಕಣೇ. ನಮ್ಮಮ್ಮ ಕೆಲಸಕ್ಕೆ ಹೋದ್ರೆ ಕತ್ತಲಾದ ಮೇಲೇ ಬರೋಳು. ಸಣ್ಣ ಪಾತ್ರೆ, ಅದ್ರಲ್ಲೂ ಅರ್ಧ. ನಾನು ಇನ್ನೂ ಬೇಕು ಅಂತ ರಂಪ ಮಾಡೋನು. ಸೌಟು ತಳಕ್ಕೆ ತಾಗಿ ಟಣ್ ಅನ್ನೋದು. ಆಗ ಅವಳು 'ನಂಗೆ ಹಸಿವಿಲ್ಲ, ನೀನು ತಿನ್ನು' ಅಂತ ತನ್ನದನ್ನ ನಂಗೆ ಹಾಕಿ ನೀರು ಕುಡಿದು ಮಲಗೋಳು. ಆ ಸದ್ದು ಇವತ್ತಿಗೂ ಅವಳಿಗೆ ಆಗಲ್ಲ."

ಪುಟ್ಟಿ ಎದ್ದಳು. "ಹಾಗಾದ್ರೆ ಪಾತ್ರೆ ತುಂಬಿರ್ಲಿ ಮಾವ. ಒಳಗೆ ಏನಿರಬೇಕು ಅಂತ ನಾನು ನೋಡ್ಕೋತೀನಿ."

ಸಂಜೆಯ ಅಡುಗೆ ತನ್ನದು ಎಂದು ಅಮ್ಮನ ಹತ್ತಿರ ಹಟ ಹಿಡಿದು ಒಪ್ಪಿಸಿದಳು. ಸಂತೆ ಮುಗಿಯುವ ಹೊತ್ತಿಗೆ ತರಕಾರಿಯಮ್ಮನ ಮುಂದೆ ಹಾಜರು. ಮುರಿದ ಸೋರೆಕಾಯಿ, ಕೋಸಿನ ಹೊರಗಿನ ಎಲೆ, ಒಂದು ಪಕ್ಕ ಪೆಟ್ಟಾದ ಕುಂಬಳಕಾಯಿ, ಬಾಡಲು ಶುರುವಾದ ಸೊಪ್ಪು. ಬೇರೆಯವರು ಮೂಗು ಮುರಿದು ಬಿಟ್ಟುಹೋದದ್ದೆಲ್ಲ ಇವಳ ಚೀಲಕ್ಕೆ, ಕೊಟ್ಟಷ್ಟು ಕಾಸಿಗೆ. ಉಳಿಸಿದ ಎಣ್ಣೆಯ ದುಡ್ಡಲ್ಲೇ ಅದು ನಡೆಯಿತು. ಅದೇ ದೊಡ್ಡ ಪಾತ್ರೆ, ಅದೇ ಕಂಠಮಟ್ಟ. ಒಳಗೆ ಮಾತ್ರ ಹಿಡಿ ಅಕ್ಕಿ, ಒಂದಿಷ್ಟು ಬೇಳೆ, ಮಿಕ್ಕಿದ್ದೆಲ್ಲ ತರಕಾರಿ.

ಮೊದಲ ದಿನ ಬಾಯಿಗಿಡುವ ಹಾಗಿರಲಿಲ್ಲ. "ಪುಟ್ಟಿ, ಇದನ್ನ ಹಸುಗೆ ಮಾಡಿದ್ಯಾ, ನಮಗಾ?" ಎಂದೆ. ಭಾವ ತುಟಿ ಪಿಟಕ್ಕೆನ್ನದೆ ತಿಂದು ಎದ್ದರು. ಅಕ್ಕ ಮಾತ್ರ ಮುಚ್ಚಳ ತೆಗೆದು, ತುಂಬಿದ ಪಾತ್ರೆ ನೋಡಿ, ತೃಪ್ತಿಯಿಂದ ಸೌಟು ಕೈಗೆತ್ತಿಕೊಂಡಳು. ಉಳಿದದ್ದನ್ನು ಎಂದಿನಂತೆ ಅವಳೇ ತಿಂದಳು. ತಿನ್ನಲಿ ಬಿಡಿ, ಬರೀ ಸೋರೆಕಾಯಿ.

ದಿನ ಕಳೆದಂತೆ ಹುಡುಗಿಯ ಕೈ ಕುದುರಿತು. ಬೆಳ್ಳುಳ್ಳಿಯನ್ನು ಕೆಂಪಗೆ ಹುರಿದು ಕೊನೆಗೆ ಹಾಕುವುದು, ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡುವುದು, ಹೀಗೆ ಒಂದೊಂದೇ ಕಲಿತಳು. ಬೂಟು ಮಂಚದಡಿಯಿಂದ ಹೊರಬಂತು. ಅಕ್ಕ ಮತ್ತೆ ಎರಡು ಮಹಡಿಯನ್ನು ನಿಲ್ಲದೆ ಹತ್ತಿದಳು. ಡಾಕ್ಟರು ಹೊಸ ಪರೀಕ್ಷೆ ನೋಡಿ, ಇಳಿಯುತ್ತಿದೆ, ಹೀಗೇ ಇರಿ, ಸದ್ಯಕ್ಕೆ ಕೆಲಸ ಮಾಡಿಕೊಂಡಿರಿ ಎಂದರು. ಅದನ್ನು ಕೇಳಿದ ದಿನ ನಾನು ಬಂದ ಗಿರಾಕಿಗೆಲ್ಲ ಚಹಾ ಕುಡಿಸಿದೆ.

ಒಂದು ಸಂಜೆ ಕುಂಬಳಕಾಯಿ ಎಷ್ಟು ಚೆನ್ನಾಗಿ ಕೂಡಿಬಂದಿತ್ತೆಂದರೆ ಭಾವ ಬಾಯಿಬಿಟ್ಟು "ಇನ್ನೊಂದಿಷ್ಟು" ಎಂದರು. ನಾನೂ ತಟ್ಟೆ ಚಾಚಿದೆ. ಪುಟ್ಟಿಯೂ ಓಟ ಮುಗಿಸಿ ಬಂದು ಅಡುಗೆ ಮಾಡಿದ್ದಳು, ಹೊಟ್ಟೆ ತಾಳ ಹಾಕುತ್ತಿತ್ತು. ಅಕ್ಕ ಮತ್ತೆ ಬಡಿಸಿದಳು, ಮತ್ತೆ ತಿಂದೆವು. ಸೌಟು ತಳಕ್ಕೆ ತಾಗಿ ಟಣ್ ಎಂದಿತು.

ಅಕ್ಕನ ಕೈ ಅಲ್ಲೇ ನಿಂತಿತು. "ಇರಿ, ಒಂಚೂರು ಅಕ್ಕಿ ಹಾಕಿಬಿಡ್ತೀನಿ" ಎನ್ನುತ್ತಾ ನನ್ನ ತಟ್ಟೆಯನ್ನೇ ನೋಡಿದಳು. ತಲೆ ನರೆತ ನನ್ನನ್ನಲ್ಲ, ಇನ್ನೂ ಬೇಕು ಎಂದು ಅಳುತ್ತಿದ್ದವನನ್ನು ನೋಡುತ್ತಿದ್ದಾಳೆ ಅನಿಸಿತು.

"ಅಕ್ಕ, ನನಗೆ ಸಾಕು. ಹೊಟ್ಟೆ ತುಂಬಿದೆ."

"ನಿಜವಾಗ್ಲೂ?"

"ನಿನ್ನಾಣೆ."

ಭಾವನೂ ತಲೆಯಾಡಿಸಿದರು. ಆಗ ಅವಳ ಉಸಿರು ಸರಾಗವಾಯಿತು. ಖಾಲಿ ಪಾತ್ರೆಯನ್ನು ಕೆಳಗಿಳಿಸುತ್ತಾ, "ನಂಗೇನು ಹಸಿವಿಲ್ಲ ಬಿಡಿ" ಎಂದು ನೀರಿನ ಲೋಟಕ್ಕೆ ಕೈ ಹಾಕಿದಳು.

ಪುಟ್ಟಿ ಎದ್ದು ಲೋಟ ಕಿತ್ತುಕೊಂಡಳು. ಕಿಟಕಿ ಪಕ್ಕದ ಗೂಡಿನಿಂದ, ಮೇಲೊಂದು ತಟ್ಟೆ ಕವುಚಿ ಮುಚ್ಚಿದ್ದ ತಟ್ಟೆಯನ್ನು ತಂದು ಮೇಜಿನ ಮೇಲಿಟ್ಟಳು. ಮುಚ್ಚಿದ್ದನ್ನು ತೆಗೆದರೆ ಕುಂಬಳಕಾಯಿ, ಬೇಳೆ, ಅನ್ನ, ಎಲ್ಲವೂ ಇತ್ತು.

"ಇದ್ಯಾವಾಗ ತೆಗೆದಿಟ್ಟೆ?"

"ಒಲೆಯಿಂದ ಇಳಿಸಿದ ತಕ್ಷಣ. ದಿನಾ ಮೊದಲು ನಿಂಗೇ ತೆಗೆದಿಡ್ತೀನಮ್ಮ. ಪಾತ್ರೇಲಿ ಮಿಕ್ಕಿದ್ರೆ ನಿಂಗೆ ಕಾಣದ ಹಾಗೆ ವಾಪಸ್ ಸುರಿದುಬಿಡ್ತೀನಿ. ಇವತ್ತು ಮಿಗಲಿಲ್ಲ, ಅಷ್ಟೆ."

ಭಾವ ಎದ್ದು ತಮ್ಮ ಸ್ಟೂಲನ್ನು ಅಕ್ಕನ ಕಡೆ ತಳ್ಳಿ, ಒಲೆಯ ಪಕ್ಕ ಹೋಗಿ ನಿಂತರು. ಅವಳು ಕೂತಳು. ನಾವು ಮೂವರೂ ಬೆಪ್ಪರ ಹಾಗೆ ಅವಳು ತುತ್ತು ಕಲಸುವುದನ್ನೇ ನೋಡುತ್ತಿದ್ದೆವು. ಒಂದು ತುತ್ತು ಬಾಯಿಗಿಟ್ಟು, ಅಗಿದು, ನುಂಗಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮಗಳ ಕಡೆ ತಿರುಗಿದಳು.

"ಉಪ್ಪು ಕಮ್ಮಿ ಆಗಿದೆ ಕಣೇ" ಎಂದಳು.